10ಕ್ಕೆ 10 ಮ್ಯಾಚ್ ಇದ್ರೂ ನನ್ನ ಸೆಲ್ಸ್ ತಮ್ಮನ ಮೇಲೆ ಯಾಕೆ ತಿರುಗಿಬಿದ್ವು?

ತುಂಗಾತೀರ:
ತಮ್ಮಂಗೆ ಲುಕೇಮಿಯಾ ಇತ್ತು, ಒಂಬತ್ತು ತಿಂಗಳ ಹಿಂದೆ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಆಯ್ತು, ನಾನೇ ಡೋನರ್. ಎಚ್‌ಎಲ್‌ಎ (ತನ್ನದು ಯಾವ್ದು, ಹೊರಗಿನದು ಯಾವ್ದು ಅಂತ ಮೈ ಪತ್ತೆ ಹಚ್ಚೋ ಗುರುತು) 10ಕ್ಕೆ 10 ಮ್ಯಾಚ್ ಅಂದಿದ್ರು. ಈಗ ನೋಡಿದ್ರೆ ಕಣ್ಣಲ್ಲಿ ಮರಳು ಬಿದ್ದಂಗೆ ಅಂತಾನೆ, ಸಾರು ಸ್ವಲ್ಪ ಖಾರ ಆದ್ರೂ ಬಾಯಿ ಉರಿ, ಮೊಣಕೈ ಹತ್ರ ಚರ್ಮ ಬಿಗೀತಿದೆ. ಡಾಕ್ಟ್ರು ಕ್ರಾನಿಕ್ ಜಿವಿಎಚ್‌ಡಿ, ಅಂದ್ರೆ ಡೋನರ್ ಸೆಲ್ಸ್ ಪೇಷಂಟ್ ಮೈ ಮೇಲೇ ಬೀಳೋ ದೀರ್ಘಕಾಲದ ಕಾಯಿಲೆ, ಅಂತ ಸ್ಟಿರಾಯ್ಡ್ ಶುರು ಮಾಡಿದಾರೆ. ಪೂರ್ತಿ ಮ್ಯಾಚ್ ಅಂದ್ಮೇಲೆ ಹಿಂಗ್ಯಾಕೆ? ನಾನೇ ಏನೋ ಕೊಟ್ಟು ಕೆಡಿಸ್ದೆ ಅನ್ಸಿ ನಿದ್ದೆ ಬರ್ತಿಲ್ಲ.

ಲ್ಯಾಬ್‌ಕೋಟು:
ಮೇಡಂ, ನಾನು ಡಾಕ್ಟರ್ ಅಲ್ಲ, ಇಮ್ಯುನಾಲಜಿ ಲ್ಯಾಬಲ್ಲಿ ಕೆಲಸ. 10ಕ್ಕೆ 10 ಅಂದ್ರೆ ಐದು ಎಚ್‌ಎಲ್‌ಎ ಜೀನ್‌ಗಳ ಎರಡೆರಡು ಕಾಪಿ ಹೊಂದಿದೆ ಅಂತ ಅಷ್ಟೇ, ಮಿಕ್ಕ ಸಾವಿರಾರು ಪ್ರೋಟೀನ್‌ಗಳಲ್ಲಿ ಅಕ್ಕ ತಮ್ಮನಿಗೂ ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇರತ್ತೆ. ಅವನ ವೈ ಕ್ರೋಮೋಸೋಮ್‌ನ ಪ್ರೋಟೀನ್‌ಗಳನ್ನ ನಿಮ್ಮ ಟಿ ಸೆಲ್ಸ್, ಅಂದ್ರೆ ಮೈ ಕಾಯೋ ಬಿಳಿ ರಕ್ತಕಣಗಳು, ಹುಟ್ಟಿದಾಗಿಂದ ನೋಡೇ ಇಲ್ಲ, ಅವುಕ್ಕೆ ಅದು ಹೊರಗಿನವರು. ಅದಕ್ಕೇ ಹೆಣ್ಣು ಡೋನರ್, ಗಂಡು ಪೇಷಂಟ್ ಆದ್ರೆ ಕ್ರಾನಿಕ್ ಜಿವಿಎಚ್‌ಡಿ ರಿಸ್ಕ್ ಜಾಸ್ತಿ.
ಇನ್ನೊಂದು, ಎದೆಮೂಳೆ ಹಿಂದೆ ಥೈಮಸ್ ಅಂತ ಗ್ರಂಥಿ ಇದೆ, ಟಿ ಸೆಲ್ಸ್‌ಗೆ ಅದೇ ಇಸ್ಕೂಲು, ಸ್ವಂತ ಮೈ ಮೇಲೇ ಬೀಳೋವನ್ನ ಅಲ್ಲೇ ತೆಗೆದುಹಾಕತ್ತೆ. ಕೀಮೋ, ರೇಡಿಯೇಶನ್, ಮೊದಲು ಬಂದ ಅಕ್ಯೂಟ್ (ಶುರುವಿನ ದಿನಗಳ) ಜಿವಿಎಚ್‌ಡಿ ಇವೆಲ್ಲ ಅದನ್ನ ಹಾಳು ಮಾಡಿರ್ತವೆ, ಆಮೇಲೆ ಪಾಠ ಕಲೀದೇ ಇರೋವು ಹೊರಗೆ ಬರ್ತವೆ. ಬಿ ಸೆಲ್ಸ್ ಅನ್ನೋ ಇನ್ನೊಂದು ಬಗೆ ಬಿಳಿ ರಕ್ತಕಣಗಳೂ ಹದ್ದು ಮೀರಿ ಆಂಟಿಬಾಡಿ ಮಾಡ್ತವೆ. ಚರ್ಮ ಬಿಗಿಯೋದು ಈ ಸರಪಳಿಯ ಕೊನೇ ಕೊಂಡಿ, ಮ್ಯಾಕ್ರೋಫೇಜ್ ಅನ್ನೋ ಕಸ ನುಂಗೋ ಸೆಲ್ಸ್ ಟಿಜಿಎಫ್ ಬೀಟಾ ಅನ್ನೋ ಸಂಕೇತ ಪ್ರೋಟೀನ್ ಬಿಡ್ತವೆ, ಗಾಯ ಮಾಯೋ ಕೆಲಸ ನಿಲ್ಲದೇ ನಡೆದು ಕೊಲಾಜೆನ್ ಅನ್ನೋ ನಾರು ಗಟ್ಟಿಯಾಗತ್ತೆ.
ಸ್ಟಿರಾಯ್ಡ್ ಸಾಲದೇ ಹೋದ್ರೂ ಬೇರೆ ಔಷಧಿಗಳಿವೆ: ಅಮೆರಿಕದಲ್ಲಿ ಕ್ರಾನಿಕ್ ಜಿವಿಎಚ್‌ಡಿಗೆ ಅಂತ ಇಬ್ರುಟಿನಿಬ್‌ಗೆ 2017ರಲ್ಲಿ, ಬೆಲುಮೊಸುಡಿಲ್, ರುಕ್ಸೊಲಿಟಿನಿಬ್‌ಗೆ 2021ರಲ್ಲಿ, ಮ್ಯಾಕ್ರೋಫೇಜ್ ಕಡೆ ಗುರಿ ಇಟ್ಟಿರೋ ಆಕ್ಸಾಟಿಲಿಮ್ಯಾಬ್‌ಗೆ 2024ರಲ್ಲಿ ಒಪ್ಪಿಗೆ ಸಿಕ್ಕಿದೆ.

ಮಲೆನಾಡ್_ಮಾವ:
ಇಮ್ಯುನಿಟಿ ಕಮ್ಮಿ ಆಗಿರತ್ತೆ ಕಣಮ್ಮ, ಅಮೃತಬಳ್ಳಿ ಕಷಾಯ ಕೊಡಿ.

ನಾಲ್ಕನೇವರ್ಷ:
ಮಾವ, ದಯವಿಟ್ಟು ಬೇಡ. ಇಲ್ಲಿ ಇಮ್ಯುನಿಟಿ ಇನ್ಫೆಕ್ಷನ್‌ಗೆ ಸೋಲತ್ತೆ, ಮೈ ಮೇಲೆ ಮಾತ್ರ ಎಗರತ್ತೆ, ಅದನ್ನ ಇನ್ನೂ ಕೆಣಕೋದು ಯಾಕೆ. ನಂದೂ ಟ್ರಾನ್ಸ್‌ಪ್ಲಾಂಟ್ ಆಗಿ ನಾಲ್ಕು ವರ್ಷ. ಅಕ್ಕಾ, ತಮ್ಮಂಗೆ ಪಿಎಫ್‌ಟಿ, ಅಂದ್ರೆ ಊದೋ ಟೆಸ್ಟ್, ಮಾಡ್ಸಿದೀರಾ ಕೇಳಿ. ನಂಗೆ ಮೆಟ್ಲು ಹತ್ತುವಾಗ ಏದುಸಿರು ಬರ್ತಿತ್ತು, ಮಲಗಿ ಮಲಗಿ ಸುಸ್ತು ಅನ್ಕೊಂಡಿದ್ದೆ, ನೋಡಿದ್ರೆ ಇದೇ ಜಿವಿಎಚ್‌ಡಿಯಿಂದ ಶ್ವಾಸಕೋಶದ ಸಣ್ಣ ಗಾಳಿನಾಳಗಳೇ ಕಟ್ಕೊಳ್ತಿದ್ವು. ಶ್ವಾಸಕೋಶದ ಶಕ್ತಿ ಹೋದಷ್ಟು ವಾಪಸ್ ಬರಲ್ಲ.

ಲ್ಯಾಬ್‌ಕೋಟು:
ನಿದ್ದೆ ವಿಷ್ಯ ಬಿಟ್ಟಿದ್ದೆ ಮೇಡಂ, ನೀವೇನೂ ಕೆಡಿಸಿಲ್ಲ. ತದ್ರೂಪಿ ಅವಳಿಗಳ ನಡುವೆ ಟ್ರಾನ್ಸ್‌ಪ್ಲಾಂಟ್ ಆದ್ರೆ ಜಿವಿಎಚ್‌ಡಿ ಅಪರೂಪ, ಆದ್ರೆ ಲುಕೇಮಿಯಾ ವಾಪಸ್ ಬರೋದು ಜಾಸ್ತಿ. ಅವನ ಕಣ್ಣು ಒಣಗಿಸ್ತಿರೋ ಸೆಲ್ಸೇ ಉಳಿದ ಕ್ಯಾನ್ಸರ್ ಸೆಲ್ಸ್‌ನೂ ಹುಡುಕಿ ಹೊಡೀತಿರ್ತವೆ.

ತುಂಗಾತೀರ:
ಇದನ್ನ ತಮ್ಮಂಗೆ ಓದಿ ಹೇಳಿದೆ, "ನಿನ್ ಥರಾನೇ ಜಗಳಗಂಟಿ ಸೆಲ್ಸು" ಅಂದ. ಊದೋ ಟೆಸ್ಟ್ ಮಾಡ್ಸೇ ಇಲ್ಲ, ಸೋಮವಾರ ಕೇಳ್ತೀನಿ.