ಇನಿಟ್ ಸೋತಾಗ ಕ್ಯೂಡಿಸ್ಕ್ ಕ್ಲೀನಪ್‌ನಲ್ಲಿ ನಲ್ ಪಾಯಿಂಟರ್ ಊಪ್ಸ್

ಪ್ರಶ್ನೆ
ಲಿನಕ್ಸ್ ಕರ್ನಲ್‌ನ ಟಿಬಿಎಫ್ (ಟೋಕನ್ ಬಕೆಟ್ ಫಿಲ್ಟರ್) ನೋಡಿ ಬರೆದ ಕ್ಯೂಡಿಸ್ಕ್ (ಹೊರಹೋಗುವ ಪ್ಯಾಕೆಟ್‌ಗಳ ಸರದಿ ನೋಡಿಕೊಳ್ಳುವ ಭಾಗ) ಮಾಡ್ಯೂಲ್ ಇದು. ಟಿಸಿ (ಟ್ರಾಫಿಕ್ ಕಂಟ್ರೋಲ್) ಕಮಾಂಡ್‌ನಲ್ಲಿ ಆಪ್ಶನ್ ಕೊಟ್ಟು ಹಾಕಿದರೆ ಸರಿಯಾಗಿ ಓಡುತ್ತದೆ. ಸಿಸ್‌ಕಂಟ್ರೋಲ್‌ನಲ್ಲಿ (ಕರ್ನಲ್ ಸೆಟ್ಟಿಂಗ್) ಡೀಫಾಲ್ಟ್ ಕ್ಯೂಡಿಸ್ಕ್ ಮಾಡಿ ಇಂಟರ್‌ಫೇಸ್ ಅಪ್ ಮಾಡಿದರೆ ಕರ್ನಲ್ ಊಪ್ಸ್ (ಕರ್ನಲ್ ಒಳಗಿನ ಕ್ರ್ಯಾಶ್). ಆಪ್ಶನ್ ಇಲ್ಲದಿದ್ದರೆ ಇನಿಟ್ (ಕ್ಯೂಡಿಸ್ಕ್ ಸಿದ್ಧಪಡಿಸುವ ಫಂಕ್ಷನ್) ಶುರುವಲ್ಲೇ ಎರರ್ ಕೊಟ್ಟು ಹೊರಬರುತ್ತದೆ, ಏನೂ ಅಲೊಕೇಟ್ ಆಗಿರುವುದಿಲ್ಲ. ಆದರೂ ಬ್ಯಾಕ್‌ಟ್ರೇಸ್‌ನಲ್ಲಿ ರೀಸೆಟ್, ಅದರೊಳಗೆ ಎಚ್‌ಆರ್‌ಟೈಮರ್ (ಕರ್ನಲ್‌ನ ಸೂಕ್ಷ್ಮ ಟೈಮರ್) ಕ್ಯಾನ್ಸಲ್ ಕಾಣಿಸುವುದೇಕೆ?

ಉತ್ತರ 1
ಇನಿಟ್ ಸೋತರೂ ಕರ್ನಲ್ ನಿಮ್ಮ ಡಿಸ್ಟ್ರಾಯ್ (ಕ್ಲೀನಪ್ ಫಂಕ್ಷನ್) ಅನ್ನು ಕರೆಯುತ್ತದೆ. ಟಿಸಿ ದಾರಿಯಲ್ಲಿ ಡಿಸ್ಟ್ರಾಯ್ ಮಾತ್ರ. ಡೀಫಾಲ್ಟ್ ದಾರಿಯಲ್ಲಿ ಕ್ಯೂಡಿಸ್ಕ್-ಪುಟ್ (ಕ್ಯೂಡಿಸ್ಕ್ ಬಿಟ್ಟುಕೊಡುವ ಫಂಕ್ಷನ್) ಮೂಲಕ ಮೊದಲು ರೀಸೆಟ್, ಆಮೇಲೆ ಡಿಸ್ಟ್ರಾಯ್. ಈ ದಾರಿಯಲ್ಲಿ ಆಪ್ಶನ್ ಯಾವಾಗಲೂ ನಲ್.

ಕ್ಯೂಡಿಸ್ಕ್‌ನ ಸ್ವಂತ ಡೇಟಾ ಇರುವ ಪ್ರೈವೇಟ್ ಜಾಗ ಸೊನ್ನೆ ತುಂಬಿ ಬರುವುದರಿಂದ ಮೆಮೊರಿ ಬಿಡುವ ಕೆಫ್ರೀ, ಕೆವಿಫ್ರೀಗಳಿಗೆ ತೊಂದರೆಯಿಲ್ಲ, ನಲ್ ಕೊಟ್ಟರೆ ಸುಮ್ಮನಿರುತ್ತವೆ. ಟೈಮರ್ ಹಾಗಲ್ಲ. ಅದರ ಬೇಸ್ ಪಾಯಿಂಟರೇ ನಲ್ ಆಗಿರುವಾಗ ಕ್ಯಾನ್ಸಲ್ ಅದರೊಳಗಿನ ಸೀಕ್ವೆನ್ಸ್ ಕೌಂಟರ್ ಓದಲು ಹೋಗಿ ಬೀಳುತ್ತದೆ. ಸೊನ್ನೆ ತುಂಬಿದ ಲಿಸ್ಟ್-ಹೆಡ್ ಕೂಡ ಖಾಲಿ ಲಿಸ್ಟ್ ಅಲ್ಲ. ಖಾಲಿ ಎಂದರೆ ನೆಕ್ಸ್ಟ್ ತನ್ನನ್ನೇ ತೋರಿಸಬೇಕು. (ಎಚ್‌ಲಿಸ್ಟ್‌ಗೆ ಸೊನ್ನೆ ಸಾಕು.)

ಇನಿಟ್‌ನಲ್ಲಿ ಆಪ್ಶನ್ ಪರೀಕ್ಷೆಗೂ ಮೊದಲೇ ವಾಚ್‌ಡಾಗ್ (ಆ ಟೈಮರ್ ಇರುವ ಭಾಗ) ಇನಿಟ್ ಮಾಡಿ, ಚೈಲ್ಡ್ (ಒಳಗಿನ ಕ್ಯೂಡಿಸ್ಕ್) ಪಾಯಿಂಟರ್‌ಗೆ ನೂಪ್ (ಪ್ಯಾಕೆಟ್ ಎಲ್ಲ ಬಿಸಾಡುವ) ಕ್ಯೂಡಿಸ್ಕ್‌ನ ವಿಳಾಸ ಕೊಡಿ. 2017ರಲ್ಲಿ ಟಿಬಿಎಫ್‌ಗೆ ಹಾಕಿದ ಮದ್ದು ಇದೇ.

ಉತ್ತರ 2
ಚೈಲ್ಡ್‌ಗೆ ನೂಪ್ ಯಾಕೆ? 2019ರಿಂದ ಕ್ಯೂಡಿಸ್ಕ್-ಪುಟ್ ನಲ್ ಅನ್ನು ಒಪ್ಪಿಕೊಳ್ಳುತ್ತದಲ್ಲ.

ಉತ್ತರ 3
ಪುಟ್ ಒಪ್ಪುತ್ತದೆ, ಕ್ಯೂಡಿಸ್ಕ್-ರೀಸೆಟ್ ಒಪ್ಪುವುದಿಲ್ಲ. ಬಂದ ತಕ್ಷಣ ಆ ಪಾಯಿಂಟರ್‌ನಿಂದ ಆಪ್ಸ್ (ಫಂಕ್ಷನ್‌ಗಳ ಪಟ್ಟಿ) ಓದುತ್ತದೆ. ಡೀಫಾಲ್ಟ್ ದಾರಿಯಲ್ಲಿ ರೀಸೆಟ್ ಮೊದಲು ಬರುವುದರಿಂದ ಅಲ್ಲೇ ಮುಗಿಯಿತು. ನೂಪ್ ಬಿಲ್ಟ್-ಇನ್, ಅದನ್ನು ಪುಟ್ ಮಾಡಿದರೂ ಫ್ರೀ ಆಗುವುದಿಲ್ಲ.

ಇನ್ನೊಂದು ಗುಂಡಿ: ಇನಿಟ್‌ನ ಎರರ್ ದಾರಿಯಲ್ಲಿ ನೀವೇ ಫ್ರೀ ಮಾಡಿದರೆ ಡಿಸ್ಟ್ರಾಯ್ ಮತ್ತೆ ಮಾಡುತ್ತದೆ, ಡಬಲ್ ಫ್ರೀ. ಇನಿಟ್‌ನಲ್ಲಿ ಫ್ರೀ ಮಾಡಲೇಬೇಡಿ, ಮಾಡಿದರೆ ಪಾಯಿಂಟರ್ ನಲ್ ಮಾಡಿಬಿಡಿ. ಲೂಪ್ ಹೊಡೆಯುವ ಡಿಸ್ಟ್ರಾಯ್ ಇದ್ದರೆ ಎಚ್‌ಎಚ್‌ಎಫ್ (ಕರ್ನಲ್‌ನ ಇನ್ನೊಂದು ಕ್ಯೂಡಿಸ್ಕ್) ನೋಡಿ: 1024 ಲಿಸ್ಟ್‌ಗಳ ಟೇಬಲ್ ಅಲೊಕೇಟ್ ಆಗಿಲ್ಲದಿದ್ದರೆ ಲೂಪ್‌ಗೆ ಮುಂಚೆಯೇ ವಾಪಸ್. ಎಲ್ಲ ಕಡೆ ನಲ್ ಚೆಕ್ ಸುರಿಯುವುದಕ್ಕಿಂತ ಇಂಥ ಒಂದು ಚೆಕ್ ವಾಸಿ.

ಟೆಸ್ಟ್ ಮಾಡುವಾಗ ಡಮ್ಮಿ ಇಂಟರ್‌ಫೇಸ್ ಬಳಸಬೇಡಿ. ಅದಕ್ಕೆ ಡೀಫಾಲ್ಟ್ ಬದಲು ನೋಕ್ಯೂ (ಸರದಿಯೇ ಇಲ್ಲದ ಕ್ಯೂಡಿಸ್ಕ್) ಕೂರುತ್ತದೆ, ನಿಮ್ಮ ಕೋಡ್ ಓಡುವುದೇ ಇಲ್ಲ. ಕ್ಯೂಇಎಂಯು ವರ್ಚುವಲ್ ಮಷಿನ್‌ನಲ್ಲಿ ವರ್ಚಿಯೋ ನೆಟ್ ಕಾರ್ಡ್ ಹಾಕಿ, ಕರ್ನಲ್‌ನಲ್ಲಿ ಕೆಎಎಸ್ಎಎನ್ (ಮೆಮೊರಿ ತಪ್ಪು ಹಿಡಿಯುವ ಸಾಧನ) ಮತ್ತು ಫೇಲ್‌ಸ್ಲ್ಯಾಬ್ (ಅಲೊಕೇಶನ್ ಬೇಕೆಂದೇ ಸೋಲಿಸುವ ಸಾಧನ) ಆನ್ ಮಾಡಿ, ಇನಿಟ್‌ನ ಒಂದೊಂದು ಅಲೊಕೇಶನ್ನೂ ಸೋಲುವಂತೆ ಮಾಡಿ ನೋಡಿ.