ನೆಚ್ಚಿನ ಪುಸ್ತಕ ನೋಡಿ ಸ್ವಭಾವ ಹೇಳಬಹುದೇ?

ಪ್ರಶ್ನೆ: ಒಬ್ಬರ ಮೆಚ್ಚಿನ ಪುಸ್ತಕಗಳ ಪಟ್ಟಿಯಿಂದ ಅವರ ಸ್ವಭಾವ ಎಷ್ಟು ತಿಳಿಯುತ್ತದೆ?

ಉತ್ತರ 1: ಬರೀ ಹೆಸರುಗಳಿಂದ ಹೆಚ್ಚೇನೂ ತಿಳಿಯದು, ಕಾರಣ ಕೇಳಿ. ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ ಒಬ್ಬರಿಗೆ ಹಾರುವ ಓತಿಯ ಹುಡುಕಾಟಕ್ಕಾಗಿ ಇಷ್ಟ, ಇನ್ನೊಬ್ಬರಿಗೆ ಅದರಲ್ಲಿನ ಹಳ್ಳಿಗ ಮಂದಣ್ಣನಿಗಾಗಿ. ಮೊದಲನೆಯವರದು ಕುತೂಹಲ, ಎರಡನೆಯವರದು ಮನುಷ್ಯರ ಮೇಲಿನ ಅಕ್ಕರೆ.

ಉತ್ತರ 2: ನಿಜ ಸರ್. ಆದರೆ ‘ಇಷ್ಟದ ಪುಸ್ತಕ ಯಾವುದು’ ಅಂದರೆ ಜನ ಘನವಾದ ಹೆಸರನ್ನೇ ಹೇಳುತ್ತಾರೆ. ಎರಡನೇ ಸಲ ಓದಿದ್ದು ಯಾವುದು, ಸಿಟ್ಟು ತರಿಸಿದ್ದು ಯಾವುದು ಅಂತ ಕೇಳಿ. ಭೈರಪ್ಪನವರ ‘ಪರ್ವ’ದ (1979) ಪವಾಡಗಳಿಲ್ಲದ ಮಹಾಭಾರತ ಕೆಲವರನ್ನು ಸೆಳೆಯುತ್ತದೆ, ಕೆಲವರನ್ನು ಕೆರಳಿಸುತ್ತದೆ. ಆ ಕೆರಳುವಿಕೆಯೇ ಹೆಚ್ಚು ಹೇಳುತ್ತದೆ.

ಉತ್ತರ 3: ಓದಿದಾಗಿನ ವಯಸ್ಸನ್ನೂ ಕೇಳಿ. 18ರಲ್ಲಿ ಮೆಚ್ಚಿ ಮತ್ತೆ ಮುಟ್ಟದ ಪುಸ್ತಕ ಆಗಿನ ಮನಸ್ಸನ್ನಷ್ಟೇ ತೋರಿಸುತ್ತದೆ. ಪಠ್ಯವಾಗಿದ್ದದ್ದು, ಉಡುಗೊರೆಯಾಗಿ ಬಂದದ್ದು ಲೆಕ್ಕಕ್ಕೆ ಬೇಡ.