ಮೂಗಿನ ಹಿಂದಿನಿಂದ ಗಂಟಲಿಗೆ ಕಫ ಇಳಿಯುತ್ತಾ? ಈ ಚಾಟ್ ಗುಂಪಿನಲ್ಲಿ ಬರೆದು, ವಿಡಿಯೋದಲ್ಲಿ ನೋಡುವ ಇಎನ್‌ಟಿ ಡಾಕ್ಟರ್‌ಗೆ ಕೇಳಿ

ಟೀಚರ್: ನಮಸ್ಕಾರ ಡಾಕ್ಟ್ರೇ. ಮೂರು ತಿಂಗಳಿಂದ ಗಂಟಲಿಗೆ ಕಫ ಇಳಿಯುತ್ತಿದೆ. ಪಾಠ ಮಾಡುವಾಗ ನಿಮಿಷಕ್ಕೊಮ್ಮೆ ಕ್ಯಾಕರಿಸಬೇಕು. ವಿಡಿಯೋದಲ್ಲೇ ನೋಡಿ ಹೇಳೋಕೆ ಆಗುತ್ತಾ?

ಡಾಕ್ಟರ್: ಬಹಳ ಸಲ ಆಗುತ್ತೆ. ಸೀನು, ಕಣ್ಣು ತುರಿಕೆ ಇದ್ದರೆ ಅಲರ್ಜಿ ಇರಬಹುದು. ಊಟವಾಗಿ ಮಲಗಿದಾಗ ಜಾಸ್ತಿಯಾದರೆ ಹೊಟ್ಟೆಯ ಆಸಿಡ್ ಮೇಲೆ ಬರುತ್ತಿರಬಹುದು. ಉಪ್ಪುನೀರಿನಲ್ಲಿ ಮೂಗು ತೊಳೆಯಿರಿ. ನೀರು ಕುದಿಸಿ ಆರಿಸಿದ್ದೇ ಆಗಬೇಕು. ನಲ್ಲಿ ನೀರಿನಲ್ಲಿ ಅಪರೂಪಕ್ಕೆ ಇರುವ ಒಂದು ಅಮೀಬಾ ಮೂಗಿನಿಂದ ಮಿದುಳಿಗೆ ಹೋದರೆ ಜೀವಕ್ಕೇ ಅಪಾಯ.

ಚಾಲಕ: ಎರಡು ತಿಂಗಳಿಂದ ಮೂಗಿಗೆ ಡ್ರಾಪ್ಸ್ ಹಾಕ್ತಿದ್ದೀನಿ. ಬಿಟ್ಟರೆ ಮೂಗು ಕಟ್ಟುತ್ತೆ.

ಡಾಕ್ಟರ್: ಬಾಟಲಿ ಮೇಲೆ ಆಕ್ಸಿಮೆಟಜೋಲಿನ್ ಅಥವಾ ಕ್ಸೈಲೋಮೆಟಜೋಲಿನ್ ಅಂತಿದ್ದರೆ, ಈಗ ಮೂಗು ಕಟ್ಟಿಸುತ್ತಿರುವುದು ಅದೇ. ಐದು ದಿನಕ್ಕಿಂತ ಜಾಸ್ತಿ ಹಾಕಬಾರದು. ಬಿಡಿಸಲು ಸ್ಟಿರಾಯ್ಡ್ ಸ್ಪ್ರೇ ಕೊಡುತ್ತೇವೆ. ನಿಮ್ಮ ಡಾಕ್ಟರ್ ಜೊತೆ ಮಾತಾಡಿ.

ಬಸುರಿ: ನನಗೆ ಏಳು ತಿಂಗಳು. ಆ ಸ್ಪ್ರೇ ನಡೆಯುತ್ತಾ ಡಾಕ್ಟ್ರೇ?

ಮನೆಮದ್ದು: ಸ್ಟಿರಾಯ್ಡಾ? ಯಾರೂ ಮುಟ್ಟಬೇಡಿ. ಮೂಗಿಗೆ ಬೆಳ್ಳುಳ್ಳಿ ಎಸಳು ಇಡಿ, ಹತ್ತೇ ನಿಮಿಷದಲ್ಲಿ ಕಫವೆಲ್ಲ ಸುರಿಯುತ್ತೆ. ಫಾರ್ವರ್ಡ್ ಹಾಕಿದ್ದೀನಿ.

ಡಾಕ್ಟರ್: ಬೆಳ್ಳುಳ್ಳಿಯ ಉರಿಗೆ ಮೂಗು ಇನ್ನಷ್ಟು ಸುರಿಸುತ್ತೆ, ಅಷ್ಟೇ. ಎಸಳು ಒಳಗೆ ಸಿಕ್ಕಿಕೊಂಡರೆ ಚಿಮಟ ಹಾಕಿ ತೆಗೆಯೋರು ನಾವು. ಇಂಥದ್ದನ್ನು ಹಾಕಬೇಡಿ.

ಮನೆಮದ್ದು: ನಮ್ಮ ಮನೆಯಲ್ಲಿ ಎಲ್ಲರಿಗೂ ವಾಸಿಯಾಗಿದೆ.

ಚಾಲಕ: ನೆಗಡಿ ತಾನಾಗೇ ವಾಸಿಯಾಗಿರುತ್ತೆ ಸ್ವಾಮಿ.

ಮನೆಮದ್ದು: ನಿಮ್ಮನ್ನ ಕೇಳಿದ್ನಾ?

ಹೊಸ ಸದಸ್ಯ: ನನಗೆ ಎಡ ಹೊಳ್ಳೆಯಿಂದ ಮಾತ್ರ ನೀರು. ಶೂ ಲೇಸ್ ಕಟ್ಟಲು ಬಗ್ಗಿದರೆ ಟಪ್ ಟಪ್ ಅಂತ ನೆಲಕ್ಕೆ ಬೀಳುತ್ತೆ. ಮಲಗಿದರೆ ಗಂಟಲಿಗೆ ಇಳಿಯುತ್ತೆ, ಉಪ್ಪುಪ್ಪು. ವಿಡಿಯೋದಲ್ಲಿ ಒಬ್ಬರು ಅಲರ್ಜಿ ಮಾತ್ರೆ ಬರೆದರು. ಇಪ್ಪತ್ತು ದಿನವಾದರೂ ಕಡಿಮೆಯಾಗಿಲ್ಲ.

ಡಾಕ್ಟರ್: ತಲೆಗೆ ಪೆಟ್ಟು ಬಿದ್ದಿತ್ತಾ?

ಹೊಸ ಸದಸ್ಯ: ಹೋದ ತಿಂಗಳು ಬೈಕಿನಿಂದ ಬಿದ್ದಿದ್ದೆ. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಡಾಕ್ಟರ್: ಇವತ್ತೇ ಆಸ್ಪತ್ರೆಗೆ ಹೋಗಿ. ಮೂಗಿಗೂ ಮಿದುಳಿಗೂ ನಡುವಿನ ಮೂಳೆ ಬಹಳ ತೆಳು. ಅದು ಬಿರುಕು ಬಿಟ್ಟರೆ ಮಿದುಳಿನ ಸುತ್ತ ಇರುವ ನೀರು ಮೂಗಿಗೆ ಸೋರುತ್ತೆ. ಒಂದೇ ಕಡೆ, ತಿಳಿನೀರು, ಬಗ್ಗಿದಾಗ ಜಾಸ್ತಿ, ಉಪ್ಪು ರುಚಿ, ಅದಕ್ಕೂ ಮೊದಲು ಪೆಟ್ಟು. ನೀವು ಹೇಳಿದ್ದೆಲ್ಲ ಅದನ್ನೇ ತೋರಿಸುತ್ತಿದೆ. ಅದೇ ದಾರಿಯಲ್ಲಿ ಸೋಂಕು ಒಳಗೆ ಹೋದರೆ ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಯ ಉರಿಯೂತ ಆಗುತ್ತೆ. ಫೋನ್ ಕ್ಯಾಮೆರಾದಲ್ಲಿ ಮೂಗಿನ ಅಷ್ಟು ಮೇಲೆ ಕಾಣಲ್ಲ. ಆ ನೀರು ಹಿಡಿದು, ಅದು ಮಿದುಳಿನ ಸುತ್ತಲಿನ ನೀರೇನಾ ಅಂತ ತಿಳಿಯಲು ಬೀಟಾ-2 ಟ್ರಾನ್ಸ್‌ಫೆರಿನ್ ಟೆಸ್ಟ್ ಮಾಡುತ್ತಾರೆ, ಸಿಟಿ ಸ್ಕ್ಯಾನ್ ಕೂಡ ಬೇಕಾಗುತ್ತೆ. ಅಲ್ಲಿವರೆಗೆ ಜೋರಾಗಿ ಸಿಂಬಳ ತೆಗೆಯಬೇಡಿ, ತಿಣುಕಬೇಡಿ, ಭಾರ ಎತ್ತಬೇಡಿ. ಮೂಗಿಗೆ ಉಪ್ಪುನೀರು, ಸ್ಪ್ರೇ, ಏನೂ ಬೇಡ. ಜ್ವರ, ಜೋರು ತಲೆನೋವು, ಕತ್ತು ಬಿಗಿತ ಬಂದರೆ ಒಂದು ನಿಮಿಷವೂ ಕಾಯಬೇಡಿ.

ಮನೆಮದ್ದು: ನೆಗಡಿಗೆ ಸ್ಕ್ಯಾನ್! ಸುಮ್ನೆ ಹೆದರಿಸ್ತೀರಿ. ನಿಂಬೆರಸ ಎರಡು ಹನಿ ಹಾಕಿ ನೋಡಿ ತಮ್ಮಾ.

ಡಾಕ್ಟರ್: ಈ ಹುಡುಗನ ಮೂಗಿಗೆ ಏನಾದರೂ ಹಾಕಿ ಅಂತ ಇನ್ನೊಂದು ಸಲ ಬರೆದರೆ ನಿಮ್ಮನ್ನು ಗುಂಪಿನಿಂದ ತೆಗೆಯಲು ಹೇಳುತ್ತೇನೆ.

ಟೀಚರ್: ಫಿಲ್ಟರ್ ನೀರು ಆಗುತ್ತಾ?

ಡಾಕ್ಟರ್: ಕುದಿಸಿ ಆರಿಸಿದ್ದು.

ಇನ್ನೊಬ್ಬರು: ನಲ್ಲಿ ನೀರು ಬಿಸಿ ಮಾಡಿದರೆ ಸಾಕಾ?

ಡಾಕ್ಟರ್: ಬಿಸಿ ಅಲ್ಲ, ಕುದಿಸಬೇಕು. ಮೇಲೆ ಓದಿ.

ಚಾಲಕ: ಆಂಟಿಬಯೋಟಿಕ್ ತಗೊಳ್ಳಲಾ?

ಡಾಕ್ಟರ್: ಬೇಡ. ನಿಮಗೆ ಹೇಳಿಯಾಯಿತು.

ಹೊಸ ಸದಸ್ಯ: ಹೊರಟೆ ಡಾಕ್ಟ್ರೇ. ಅಣ್ಣ ಬರ್ತಿದ್ದಾನೆ.

ಡಾಕ್ಟರ್: ಒಳ್ಳೆಯದು, ನೀವು ಗಾಡಿ ಓಡಿಸಬೇಡಿ. ಅಲ್ಲಿ ಮೊದಲು ಬಿದ್ದ ವಿಷಯ ಹೇಳಿ, ಆಮೇಲೆ ಮೂಗಿನದು. ರಿಪೋರ್ಟ್ ಬಂದ ತಕ್ಷಣ ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.

ಬಸುರಿ: ಡಾಕ್ಟ್ರೇ, ನನ್ನ ಪ್ರಶ್ನೆ ನೋಡಿದ್ರಾ?